ಋಷಿಕೇಶದ ಮುಚ್ಚಿದ ಬಾಗಿಲು, ಬೀಟಲ್ಸ್ ಹಾಡಿದ ಹಾಡು!

ಋಷಿಕೇಶಕ್ಕೆ ಹೋಗುವವರು ಎರಡೇ ತರದವರು. ಪಾಪ ಕಳೆದುಕೊಳ್ಳಲು ಹೋಗುವವರು, ಇಲ್ಲವೇ ರಬ್ಬರ್ ದೋಣಿ ಹತ್ತಿ ಗಂಗೆಯ ಸುಳಿಯಲ್ಲಿ ಕಿರುಚಾಡಲು ಹೋಗುವವರು! ನಾನು ಎರಡಕ್ಕೂ ಹೋಗಲಿಲ್ಲ. ನಾನು ಹೋದದ್ದು ಒಂದು ಬಾಗಿಲು ನೋಡಲು.

ಗುಡಿಯ ಬಾಗಿಲಲ್ಲ ಸ್ವಾಮಿ. 1968ರಲ್ಲಿ ಇಪ್ಪತ್ತು ವರ್ಷದ ಒಬ್ಬ ಅಮೆರಿಕನ್ ಹುಡುಗಿ ಒಳಗಿನಿಂದ ಮುಚ್ಚಿಕೊಂಡ ಕೋಣೆಯ ಬಾಗಿಲು. ಆ ಬಾಗಿಲ ಹೊರಗೆ ಗಿಟಾರ್ ಹಿಡಿದು ಕಾದವರು ಯಾರು ಗೊತ್ತೇ? ಆ ಕಾಲಕ್ಕೆ ಲೋಕದಲ್ಲೇ ಅತಿ ದೊಡ್ಡ ತಾರೆಗಳಾಗಿದ್ದ ಬೀಟಲ್ಸ್ ತಂಡದ ಜಾನ್ ಲೆನನ್ ಮತ್ತು ಜಾರ್ಜ್ ಹ್ಯಾರಿಸನ್! ಹುಡುಗಿಯ ಹೆಸರು ಪ್ರುಡೆನ್ಸ್. ಅವಳಿಗಾಗಿ ಹುಟ್ಟಿದ ಹಾಡು 'ಡಿಯರ್ ಪ್ರುಡೆನ್ಸ್'.

ಸಿನಿಮಾ ಪತ್ರಿಕೆಯಲ್ಲಿ ರಾಕ್ ಹಾಡಿನ ಕಥೆ ಯಾಕಯ್ಯಾ ಅನ್ನಬೇಡಿ. ಈ ಕಥೆಯಲ್ಲಿ ಸಿನಿಮಾ ಬೇಕಾದಷ್ಟಿದೆ, ಸ್ವಲ್ಪ ತಾಳಿ. ಅದಕ್ಕೂ ಮೊದಲು ನನ್ನದೇ ಒಂದು ಸಣ್ಣ ಕಥೆ ಹೇಳಿಬಿಡುತ್ತೇನೆ. ಅದಿಲ್ಲದೆ ನಾನು ಎರಡು ರಾತ್ರಿ ರೈಲಿನಲ್ಲಿ ಕೂತು ಅಷ್ಟು ದೂರ ಹೋಗುತ್ತಿರಲಿಲ್ಲ.

ಮ್ಯಾಟ್ನಿಗೆ ಕರೆದ ಗೆಳೆಯ

ದ್ವಿತೀಯ ಪಿಯುಸಿಯನ್ನು ಅರ್ಧಕ್ಕೇ ಬಿಟ್ಟವನು ನಾನು. ಬಿಟ್ಟ ಮೇಲೆ ಊರಿನವರ ಮುಖ ನೋಡಲಾಗದೆ ಮನೆಯ ಹಿಂದಿನ ಕೋಣೆ ಸೇರಿದೆ. ಅಗಳಿ ಹಾಕಿಕೊಂಡೆ. ಹದಿನೆಂಟು ದಿನ! ಅಮ್ಮ ತಟ್ಟೆಯನ್ನು ಬಾಗಿಲ ಹತ್ತಿರ ಇಟ್ಟು ಹೋಗುತ್ತಿದ್ದಳು. ಅಪ್ಪ ಮಾತಾಡುತ್ತಲೇ ಇರಲಿಲ್ಲ.

ಆಗ ಒಬ್ಬ ಗೆಳೆಯ ಬಂದ. ಬುದ್ಧಿ ಹೇಳಲಿಲ್ಲ. ಪರೀಕ್ಷೆ, ಕಾಲೇಜು ಅಂತ ಒಂದು ಮಾತೂ ಎತ್ತಲಿಲ್ಲ. ಕಿಟಕಿಯ ಹತ್ತಿರ ನಿಂತು, "ಲೋ, ಮ್ಯಾಟ್ನಿಗೆ ಹೊತ್ತಾಯ್ತು, ಬಾರೋ" ಅಂದ. ನಾನು ಉತ್ತರ ಕೊಡಲಿಲ್ಲ. ಮಾರನೇ ದಿನವೂ ಬಂದ, ಅದೇ ಮಾತು. ಮೂರನೇ ದಿನ ನಾನು ಅಂಗಿ ಹಾಕಿಕೊಂಡು ಹೊರಗೆ ಬಂದೆ. ಯಾವ ಚಿತ್ರ ನೋಡಿದೆವೋ ನೆನಪಿಲ್ಲ. ಇಂಟರ್ವಲ್‌ನಲ್ಲಿ ಅವನು ಕೊಡಿಸಿದ ಬೋಂಡಾ ನೆನಪಿದೆ.

ಕಳೆದ ವರ್ಷ ಅದೇ ಗೆಳೆಯನ ಕೆಲಸ ಹೋಯಿತು. ಈಗ ಅವನು ಅಗಳಿ ಹಾಕಿಕೊಂಡ! ಫೋನ್ ಎತ್ತುತ್ತಿರಲಿಲ್ಲ. ನಾನು ಒಂದು ಸಲ ಹೋದೆ, ಬಾಗಿಲು ತಟ್ಟಿದೆ. "ನನ್ನಷ್ಟಕ್ಕೆ ಬಿಡು" ಅಂದ. ಬಿಟ್ಟು ಬಂದೆ. ಬಿಟ್ಟು ಬಂದದ್ದು ಸರಿಯೋ ತಪ್ಪೋ ತಿಳಿಯದೆ ಒದ್ದಾಡುತ್ತಿದ್ದಾಗ ಇನ್ನೊಬ್ಬ ಸ್ನೇಹಿತ ಈ ಹಾಡು ಕೇಳಿಸಿ, "ಇದು ಬಾಗಿಲು ತಟ್ಟುವ ಹಾಡು ಕಣೋ. ಹುಟ್ಟಿದ್ದು ನಮ್ಮ ಋಷಿಕೇಶದಲ್ಲೇ" ಅಂದ.

ಅಷ್ಟು ಸಾಕಾಯಿತು. ಅಕ್ಟೋಬರಿನಲ್ಲಿ ಬೆಂಗಳೂರಿನಿಂದ ಕರ್ನಾಟಕ ಎಕ್ಸ್‌ಪ್ರೆಸ್ ಹತ್ತಿದೆ.

ದೋಣಿಯಲ್ಲಿ ಸಿಕ್ಕ ತಿಪಟೂರಿನ ಅಜ್ಜಿ

ದಿಲ್ಲಿಯಿಂದ ಬಸ್ಸು. ಮೀರತ್, ರೂರ್ಕಿ, ಹರಿದ್ವಾರ. ದಾರಿಯುದ್ದಕ್ಕೂ ಕಬ್ಬು. ಮಂಡ್ಯದವರು ಯಾರಾದರೂ ಈ ಬಸ್ಸಿನಲ್ಲಿ ಕಣ್ಣು ಬಿಟ್ಟರೆ ಇನ್ನೂ ಊರು ದಾಟಿಲ್ಲ ಅಂದುಕೊಂಡಾರು! ಹರಿದ್ವಾರ ದಾಟಿದ ಮೇಲೆ ಕಾಡು ಶುರುವಾಗುತ್ತದೆ, ಎದುರಿಗೆ ಬೆಟ್ಟ ಏಳುತ್ತದೆ.

ನಾನು ಹೋಗಬೇಕಾದ ಜಾಗ ನದಿಯ ಆ ದಡದಲ್ಲಿ, ಸ್ವರ್ಗಾಶ್ರಮದ ಕಡೆ. ಈಗ ಅಲ್ಲಿ ರಾಮ ಝೂಲಾ ಎಂಬ ತೂಗುಸೇತುವೆ ಇದೆ. ಅದು ಕಟ್ಟಿದ್ದು 1986ರಲ್ಲಿ. ಬೀಟಲ್ಸ್ ಬಂದ ಕಾಲಕ್ಕೆ ಇದ್ದದ್ದು ಇನ್ನೂ ಮೇಲಿನ ಲಕ್ಷ್ಮಣ ಝೂಲಾ. ನಾನು ದೋಣಿ ಹತ್ತಿದೆ.

ದೋಣಿಯಲ್ಲಿ ಕನ್ನಡ! ತಿಪಟೂರಿನ ಕಡೆಯಿಂದ ಬದರಿ ಯಾತ್ರೆಗೆ ಬಂದ ಹತ್ತು ಹದಿನೈದು ಜನ. ನನ್ನ ಪಕ್ಕ ಒಬ್ಬ ಅಜ್ಜಿ, ಮಡಿಲಲ್ಲಿ ಗಂಗಾಜಲದ ತಂಬಿಗೆ.

"ಯಾವೂರಪ್ಪ ನಿಂದು? ಒಬ್ನೇ ಬಂದಿದ್ದೀಯಾ? ಬದರಿಗಾ?"

"ಇಲ್ಲಜ್ಜಿ, ಒಂದು ಆಶ್ರಮ ನೋಡೋಕೆ."

"ಯಾವ ಸ್ವಾಮಿಗಳದು?"

"ಸ್ವಾಮಿಗಳು ಈಗಿಲ್ಲ. ಅಲ್ಲೊಂದು ಹಾಡು ಹುಟ್ತಂತೆ, ಅದಕ್ಕೆ."

ಅಜ್ಜಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ದೇವರ ನಾಮವಾ?"

ಏನು ಹೇಳಲಿ? "ಹೆಚ್ಚೂ ಕಡಿಮೆ" ಅಂದೆ.

ಕಾಡು ನುಂಗಿದ ಆಶ್ರಮ

ದೋಣಿ ಇಳಿದು, ಸಾಧುಗಳು, ಹಸುಗಳು, ಚಹಾದಂಗಡಿಗಳ ನಡುವೆ ನದಿ ಹರಿಯುವ ದಿಕ್ಕಿಗೇ ನಡೆದರೆ ಊರು ತೆಳುವಾಗುತ್ತಾ ಹೋಗುತ್ತದೆ. ಕೊನೆಗೆ ಒಂದು ಏರು, ಒಂದು ಗೇಟು, ಅರಣ್ಯ ಇಲಾಖೆಯ ಟಿಕೆಟ್ ಕೌಂಟರು. ಹೌದು, ಆಶ್ರಮಕ್ಕೆ ಟಿಕೆಟ್! ಯಾಕೆಂದರೆ ಇದು ಈಗ ಆಶ್ರಮವಲ್ಲ, ರಾಜಾಜಿ ಹುಲಿ ಸಂರಕ್ಷಿತ ಪ್ರದೇಶಕ್ಕೆ ಸೇರಿದ ಜಾಗ. ಊರಿನವರು 'ಚೌರಾಸಿ ಕುಟಿಯಾ' ಅನ್ನುತ್ತಾರೆ. ಅಂದರೆ ಎಂಬತ್ತನಾಲ್ಕು ಗುಡಿಸಲು.

ಇದನ್ನು ಕಟ್ಟಿಸಿದವರು ಮಹರ್ಷಿ ಮಹೇಶ ಯೋಗಿ, 'ಭಾವಾತೀತ ಧ್ಯಾನ'ವನ್ನು ದೇಶವಿದೇಶಕ್ಕೆ ಹಂಚಿದವರು. ಜಮೀನು ಅರಣ್ಯ ಇಲಾಖೆಯಿಂದ ಗುತ್ತಿಗೆಗೆ ಪಡೆದದ್ದು. ಮಹರ್ಷಿಗಳು ವಿದೇಶದಲ್ಲಿ ನೆಲೆಸಿದರು, ಆಶ್ರಮ ಬರಿದಾಯಿತು, 1990ರ ದಶಕದಲ್ಲಿ ಪೂರ್ತಿ ಪಾಳುಬಿತ್ತು. ಅರಣ್ಯ ಇಲಾಖೆ ಜಾಗ ವಾಪಸು ಪಡೆಯಿತು. 2008ರಲ್ಲಿ ಮಹರ್ಷಿಗಳು ತೀರಿಕೊಂಡರು. 2015ರ ಡಿಸೆಂಬರಿನಲ್ಲಿ ಇಲಾಖೆಯೇ ಗೇಟು ತೆರೆದು ಜನರನ್ನು ಒಳಗೆ ಬಿಟ್ಟಿತು.

ಒಳಗೆ ಕಾಲಿಟ್ಟರೆ ಮೊದಲು ಕಾಣುವುದು ಆ ಕುಟಿಗಳು. ನದಿಯ ಉರುಟು ಕಲ್ಲುಗಳನ್ನು ಮೆತ್ತಿ ಕಟ್ಟಿದ, ಜೇನುಗೂಡಿನ ಆಕಾರದ ಗುಮ್ಮಟಗಳು. ಒಬ್ಬ ಮನುಷ್ಯ ಕೂರಬಹುದು, ಮೇಲೆ ಹತ್ತಿದರೆ ಇನ್ನೊಂದು ಸಣ್ಣ ಗೂಡು. ಪ್ರತಿಯೊಂದಕ್ಕೂ ನಂಬರು. ನೋಡಿದರೆ ವಿಠ್ಠಲಾಚಾರ್ಯರ ಮಾಯಾಲೋಕದ ಸೆಟ್ಟು ಅನ್ನಬೇಕು! ಆಚೆ ದೊಡ್ಡ ಕಟ್ಟಡಗಳು. ಸೂರಿಲ್ಲ, ಕಿಟಕಿಯಿಲ್ಲ, ಗೋಡೆ ಸೀಳಿ ಬೇರುಗಳು ಇಳಿದಿವೆ. ಒಂದು ದೊಡ್ಡ ಹಾಲ್‌ನ ಗೋಡೆಗಳ ತುಂಬ ಬಂದವರು ಬರೆದ ಬಣ್ಣದ ಚಿತ್ರಗಳು, ನಾಲ್ವರು ಬೀಟಲ್ಸ್, ಮಹರ್ಷಿಗಳ ಗಡ್ಡದ ಮುಖ.

ತುದಿಗೆ ಹೋದರೆ ಬಂಡೆ ಕಡಿದಂತೆ ಕೆಳಗಿಳಿದು, ಬಹಳ ಕೆಳಗೆ ಗಂಗೆ. ನದಿಯ ಶಬ್ದ ಮೇಲಕ್ಕೆ ಬರುತ್ತಲೇ ಇರುತ್ತದೆ. ಬಿಡುವೇ ಇಲ್ಲ. ಯಾರೋ ತಂಬೂರಿ ಮೀಟುತ್ತಾ ಕೂತ ಹಾಗೆ. ಈ ತಂಬೂರಿಯ ವಿಷಯ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಯಾಕೆ ಬಂದರು?

1967ರಲ್ಲಿ ಬೀಟಲ್ಸ್ ಕೀರ್ತಿಯ ಶಿಖರದಲ್ಲಿದ್ದರು. ಹಣವಿತ್ತು, ಹೆಸರಿತ್ತು, ಮಾದಕ ವಸ್ತುಗಳ ಸಹವಾಸವೂ ಇತ್ತು. ನೆಮ್ಮದಿ ಮಾತ್ರ ಇರಲಿಲ್ಲ. ಆ ಆಗಸ್ಟಿನಲ್ಲಿ ಲಂಡನ್ನಿನಲ್ಲಿ ಮಹರ್ಷಿಗಳ ಉಪನ್ಯಾಸ ಕೇಳಿದರು. ಹಿಂದೆಯೇ ವೇಲ್ಸ್‌ನ ಬ್ಯಾಂಗರ್‌ನಲ್ಲಿ ನಡೆದ ಶಿಬಿರಕ್ಕೆ ಹೋದರು. ಅಲ್ಲಿದ್ದಾಗಲೇ ಆಗಸ್ಟ್ 27ರಂದು ಅವರ ಮ್ಯಾನೇಜರ್ ಬ್ರಯಾನ್ ಎಪ್‌ಸ್ಟೀನ್ ತೀರಿಕೊಂಡ ಸುದ್ದಿ ಬಂತು. ತಂಡವನ್ನು ಕಟ್ಟಿ ಬೆಳೆಸಿದ ಮನುಷ್ಯ, 32ರ ಪ್ರಾಯ. ಕೂಲಿಯವನಾಗಲಿ ಕೋಟ್ಯಧಿಪತಿಯಾಗಲಿ, ತಲೆಯ ಮೇಲಿನ ಸೂರು ಹಾರಿದಾಗ ಎಲ್ಲರೂ ಒಂದೇ ಅಲ್ಲವೇ?

1968ರ ಫೆಬ್ರವರಿಯಲ್ಲಿ ನಾಲ್ವರೂ ಇಲ್ಲಿಗೆ ಬಂದರು. ಮೊದಲು ಲೆನನ್, ಹ್ಯಾರಿಸನ್ ದಂಪತಿಗಳು, ಕೆಲವು ದಿನಗಳ ನಂತರ ಪಾಲ್ ಮೆಕಾರ್ಟ್ನಿ ಮತ್ತು ರಿಂಗೋ ಸ್ಟಾರ್. ಅದೇ 1968ರಲ್ಲಿ ಇಲ್ಲಿ ನಮ್ಮ ಅಣ್ಣಾವ್ರು 'ಜೇಡರ ಬಲೆ'ಯಲ್ಲಿ ಸಿ.ಐ.ಡಿ. 999 ಆಗಿ ಕೋವಿ ಹಿಡಿದಿದ್ದರು. ಅಲ್ಲಿ ಇಂಗ್ಲೆಂಡಿನ ಹುಡುಗರು ಕೊರಳಿಗೆ ಚೆಂಡುಹೂವಿನ ಹಾರ ಹಾಕಿಕೊಂಡು ಚಕ್ಕಂಬಕ್ಕಳ ಹಾಕಿ ಕೂತಿದ್ದರು. ಕಾಲ ಎಂಥದ್ದು ನೋಡಿ!

ರಿಂಗೋಗೆ ಚಿಕ್ಕಂದಿನಿಂದ ಹೊಟ್ಟೆಯ ತೊಂದರೆ. ಡಬ್ಬದ ಬೀನ್ಸನ್ನು ಪೆಟ್ಟಿಗೆಗಟ್ಟಲೆ ಹೊತ್ತು ತಂದಿದ್ದ. ಹೆಂಡತಿಗೆ ನೊಣ ಕಂಡರಾಗದು. ಸುಮಾರು ಹತ್ತು ದಿನಕ್ಕೇ ಗಂಟು ಕಟ್ಟಿದರು! ಮೆಕಾರ್ಟ್ನಿ ಮಾರ್ಚ್ ಕೊನೆಯ ಹೊತ್ತಿಗೆ ಹೊರಟ. ಲೆನನ್, ಹ್ಯಾರಿಸನ್ ಏಪ್ರಿಲ್ 12ರವರೆಗೆ ಇದ್ದರು. ಕುಡಿತವಿಲ್ಲ, ಗದ್ದಲವಿಲ್ಲ, ಹಿಂದೆ ಬೀಳುವ ಅಭಿಮಾನಿಗಳಿಲ್ಲ. ಬಿಡುವಾದಾಗಲೆಲ್ಲ ಗಿಟಾರ್. ಹಾಡುಗಳು ಒಂದರ ಹಿಂದೆ ಒಂದು ಹುಟ್ಟಿದವು.

ಆಶ್ರಮದಲ್ಲಿದ್ದ ಅಮೆರಿಕದ ಯುವಕನೊಬ್ಬ ತಾಯಿಯ ಜೊತೆ ಕಾಡಿಗೆ ಹೋಗಿ ಹುಲಿ ಹೊಡೆದು ಬಂದ. ಬೆಳಿಗ್ಗೆ ಧ್ಯಾನ, ಮಧ್ಯಾಹ್ನ ಬೇಟೆ! ಲೆನನ್ ಅವನನ್ನು ಗೇಲಿ ಮಾಡಿ 'ಬಂಗಲೋ ಬಿಲ್' ಎಂಬ ಹಾಡು ಕಟ್ಟಿದ. ಅದೇ ಆಶ್ರಮದ ಗೇಟಿನಲ್ಲಿ ಇಂದು ಹುಲಿ ಸಂರಕ್ಷಿತ ಪ್ರದೇಶದ ಟಿಕೆಟ್ ಹರಿಯುತ್ತಾರೆ. ಹುಲಿ ಗೆದ್ದಿತು ಅನ್ನೋಣವೇ?

ಟಾರ್ಜಾನನ ಜೇನ್‌ಳ ಮಗಳು

ಈಗ ಸಿನಿಮಾ ವಿಷಯಕ್ಕೆ ಬರೋಣ. ಹಳೆಯ ಟಾರ್ಜಾನ್ ಚಿತ್ರಗಳು ನೆನಪಿವೆಯೇ? ಜಾನಿ ವೈಸ್‌ಮುಲ್ಲರ್ ಬಳ್ಳಿ ಹಿಡಿದು ಹಾರುತ್ತಿದ್ದ. ಅವನ ಜೇನ್ ಆಗಿದ್ದವಳು ಮೊರೀನ್ ಓ'ಸಲಿವನ್. ಆಕೆಯ ಗಂಡ ಜಾನ್ ಫ್ಯಾರೋ ನಿರ್ದೇಶಕ. 'ಅರೌಂಡ್ ದಿ ವರ್ಲ್ಡ್ ಇನ್ 80 ಡೇಸ್' ಚಿತ್ರಕಥೆಗೆ ಆಸ್ಕರ್ ಹಂಚಿಕೊಂಡವನು. ಈ ದಂಪತಿಗೆ ಏಳು ಮಕ್ಕಳು. ಅವರಲ್ಲೊಬ್ಬಳು ತಾರೆ ಮಿಯಾ ಫ್ಯಾರೋ. ಅವಳ ತಂಗಿಯೇ ನಮ್ಮ ಪ್ರುಡೆನ್ಸ್.

ಅಕ್ಕ ಆಗ ಸುದ್ದಿಯ ನಡುವೆ ಇದ್ದಳು. ಪೊಲಾನ್‌ಸ್ಕಿಯ 'ರೋಸ್‌ಮರೀಸ್ ಬೇಬಿ' ಚಿತ್ರದ ಸೆಟ್ಟಿಗೇ ಗಂಡ, ಗಾಯಕ ಫ್ರಾಂಕ್ ಸಿನಾತ್ರಾ, ವಿಚ್ಛೇದನದ ಕಾಗದ ಕಳಿಸಿದ್ದ! ಚಿತ್ರ 1968ರ ಜೂನ್‌ನಲ್ಲಿ ಬಿಡುಗಡೆಯಾಗಿ ಅವಳನ್ನು ದೊಡ್ಡ ತಾರೆ ಮಾಡಿತು. ಪತ್ರಿಕೆಯವರ ಕ್ಯಾಮೆರಾಗಳೆಲ್ಲ ಅಕ್ಕನ ಹಿಂದೆ.

ತಂಗಿಯನ್ನು ಯಾರೂ ನೋಡಲಿಲ್ಲ. ಅವಳು ನೋಡಿಸಿಕೊಳ್ಳಲು ಬಂದೂ ಇರಲಿಲ್ಲ. 1958ರಲ್ಲಿ ವಿಮಾನ ಅಪಘಾತದಲ್ಲಿ ಅಣ್ಣ ಸತ್ತಿದ್ದ. 1963ರಲ್ಲಿ ತಂದೆ ಹೋದ. ಹದಿಹರೆಯದಲ್ಲೇ ಎಲ್.ಎಸ್.ಡಿ. ಎಂಬ ಮಾದಕ ವಸ್ತುವಿನಿಂದ ನರಕ ಕಂಡು ಬಂದಿದ್ದಳು. ಅವಳಿಗೆ ಧ್ಯಾನ ಅಂದರೆ ಮುಳುಗುವವನಿಗೆ ಸಿಕ್ಕ ಹಗ್ಗ. ಬೀಟಲ್ಸ್ ಬರುತ್ತಾರೆಂದು ಬಂದವಳಲ್ಲ. ಧ್ಯಾನ ಕಲಿತು, ಕಲಿಸುವವಳಾಗಬೇಕೆಂದು ಬಂದವಳು. ಮಿಯಾ ಬೇಗನೆ ಹೊರಟುಹೋದಳು, ಪ್ರುಡೆನ್ಸ್ ಉಳಿದಳು.

ಉಪನ್ಯಾಸ ಮುಗಿದರೆ ಕೋಣೆ, ಊಟ ಮುಗಿದರೆ ಕೋಣೆ. ಗಂಟೆಗಟ್ಟಲೆ ಕಣ್ಣು ಮುಚ್ಚಿ ಕೂರುವಳು. ಆಮೇಲಾಮೇಲೆ ಹೊರಗೆ ಬರುವುದೇ ಅಪರೂಪವಾಯಿತು. ಆಶ್ರಮದವರಿಗೆ ದಿಗಿಲು. ಹುಡುಗಿಗೆ ಏನಾದರೂ ಆದರೆ? ಅವಳನ್ನು ಹೊರಗೆ ಕರೆಯುವ ಕೆಲಸ ಲೆನನ್ ಮತ್ತು ಹ್ಯಾರಿಸನ್ ಪಾಲಿಗೆ ಬಂತು. ಇಬ್ಬರೂ ಗಿಟಾರ್ ಎತ್ತಿಕೊಂಡು ಹೊರಟರು.

ಸನ್ನಿವೇಶದ ಹಾಡು

ನಮ್ಮ ಚಿತ್ರಗಳಲ್ಲಿ ಹಾಡು ಹೇಗೆ ಹುಟ್ಟುತ್ತದೆ ನಿಮಗೆ ಗೊತ್ತು. ನಿರ್ದೇಶಕ ಸನ್ನಿವೇಶ ಹೇಳುತ್ತಾನೆ: "ನಾಯಕಿ ಮುನಿಸಿಕೊಂಡು ಬಾಗಿಲು ಹಾಕಿಕೊಂಡಿದ್ದಾಳೆ, ನಾಯಕ ಹೊರಗೆ ನಿಂತಿದ್ದಾನೆ." ಸಂಗೀತ ನಿರ್ದೇಶಕ ಹಾರ್ಮೋನಿಯಂ ಎಳೆದುಕೊಳ್ಳುತ್ತಾನೆ, ಚಿ. ಉದಯಶಂಕರ್ ಅವರಂಥವರು ಪೆನ್ನು ಬಿಚ್ಚುತ್ತಾರೆ. ಇಲ್ಲಿ ಸನ್ನಿವೇಶವೇ ನಿಜ. ನಾಯಕಿ ಮುನಿಸಿಕೊಂಡಿಲ್ಲ, ಹೊರಗಿರುವವನು ನಾಯಕನೂ ಅಲ್ಲ. ಪ್ರೇಮದ ಸೋಂಕೇ ಇಲ್ಲ. ಬರೀ ಕಾಳಜಿ.

ಹಾಡು ಕೇಳಿ ನೋಡಿ. ಬುದ್ಧಿಮಾತಿಲ್ಲ, ಬೈಗುಳವಿಲ್ಲ. ಪಕ್ಕದ ಮನೆಯ ಮಕ್ಕಳು ಜಗಲಿಯ ಕೆಳಗೆ ನಿಂತು ಗೆಳತಿಯನ್ನು ಆಟಕ್ಕೆ ಕರೆಯುವ ಧಾಟಿ. ಹೊರಗೆ ಬಿಸಿಲಿದೆ, ಆಕಾಶವಿದೆ, ಹಕ್ಕಿಯಿದೆ, ನೀನೂ ಇದರಲ್ಲಿ ಒಬ್ಬಳು ಎಂಬ ಭಾವ. ಅಷ್ಟೇ. ನನ್ನ ಗೆಳೆಯ ಕಿಟಕಿಯಲ್ಲಿ ಅಂದದ್ದೂ ಅಷ್ಟೇ ತಾನೆ?

ರಾಗದ ಗುಟ್ಟು ಇನ್ನೂ ಚೆಂದ. ಆಗ ಆಶ್ರಮದಲ್ಲಿ ಸ್ಕಾಟ್ಲೆಂಡಿನ ಗಾಯಕ ಡೊನೊವನ್ ಕೂಡ ಇದ್ದ. ಕಡ್ಡಿ ಹಿಡಿದು ಗಿಟಾರ್ ಬಾರಿಸುತ್ತಿದ್ದ ಲೆನನ್‌ಗೆ ಬೆರಳುಗಳಿಂದ ತಂತಿ ತಂತಿಯನ್ನೂ ಬೇರೆ ಬೇರೆ ಮೀಟುವ ವಿದ್ಯೆ ಹೇಳಿಕೊಟ್ಟವನು ಅವನೇ. ಈ ಹಾಡಿನಲ್ಲಿ ಕೇಳುವುದು ಆ ಹೊಸ ಪಾಠ. ಗಿಟಾರಿನ ಅತಿ ದಪ್ಪ ತಂತಿಯನ್ನು ಒಂದು ಸ್ವರ ಇಳಿಸಿ 'ಡಿ'ಗೆ ಶ್ರುತಿ ಮಾಡಿದ್ದಾರೆ. ಮೇಲೆ ಏನೇ ಬದಲಾದರೂ ಆ 'ಡಿ' ಹಿಂದೆ ಗುಂಯ್‌ಗುಡುತ್ತಲೇ ಇರುತ್ತದೆ, ತಂಬೂರಿಯ ಷಡ್ಜದ ಹಾಗೆ! ಆ ಬಂಡೆಯ ತುದಿಯಲ್ಲಿ ಕೂತು ಕಿವಿಗೆ ಇಯರ್‌ಫೋನ್ ಸಿಕ್ಕಿಸಿ ಹಾಡು ಕೇಳಿದೆ. ಒಂದು ಕಿವಿಯದನ್ನು ತೆಗೆದೆ. ಒಂದು ಕಿವಿಯಲ್ಲಿ ಲೆನನ್, ಇನ್ನೊಂದರಲ್ಲಿ ಗಂಗೆ. ಎರಡೂ ಒಂದೇ ಕಛೇರಿಯಲ್ಲಿ ಕೂತ ಹಾಗಿತ್ತು.

ಬಾಗಿಲ ಒಳಗಿನ ಮಾತು

ಇಷ್ಟಕ್ಕೇ ನಿಲ್ಲಿಸಿದರೆ ಸುಖಾಂತ. ಹುಚ್ಚು ಹಿಡಿಯುತ್ತಿದ್ದ ಹುಡುಗಿಯನ್ನು ಹಾಡು ಹಾಡಿ ಉಳಿಸಿದರು, ಶುಭಂ! ಜಗತ್ತೆಲ್ಲ ಹೀಗೇ ನಂಬಿದೆ. 1980ರಲ್ಲಿ, ಕೊಲೆಯಾಗುವ ಕೆಲವೇ ತಿಂಗಳ ಮೊದಲು, ಲೆನನ್ ಕೂಡ ಒಂದು ಸಂದರ್ಶನದಲ್ಲಿ ಹೀಗೇ ಹೇಳಿದ. ಅವಳು ಮೂರು ವಾರ ಕೋಣೆ ಬಿಟ್ಟು ಬರಲಿಲ್ಲ, ಬೇರೆಯವರಿಗಿಂತ ಮೊದಲೇ ದೇವರನ್ನು ಮುಟ್ಟಲು ಹೊರಟಿದ್ದಳು, ತಲೆ ಸ್ವಲ್ಪ ಕೆಟ್ಟಂತಿತ್ತು ಎಂಬರ್ಥದ ಮಾತು.

ಆದರೆ ಬಾಗಿಲಿಗೆ ಎರಡು ಕಡೆ ಇರುತ್ತದಲ್ಲ! ಒಳಗಿದ್ದವಳನ್ನು ಕೇಳಿದವರು ಯಾರು?

ಆ ಹುಡುಗಿಯನ್ನು ಇನ್ನು 'ಅವಳು' ಅನ್ನುವುದು ತರವಲ್ಲ, 'ಅವರು' ಅನ್ನಬೇಕು. ಋಷಿಕೇಶದ ನಂತರ ಪ್ರುಡೆನ್ಸ್ ಹುಚ್ಚಿಯಾಗಲಿಲ್ಲ. ಅಂದುಕೊಂಡಂತೆ ಧ್ಯಾನದ ಶಿಕ್ಷಕಿಯಾದರು. ಸಂಸ್ಕೃತ, ಭಾರತದ ಶಾಸ್ತ್ರಗಳನ್ನು ಓದಿ ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪಡೆದರು. 2015ರಲ್ಲಿ ಆ ಹಾಡಿನ ಹೆಸರನ್ನೇ ಇಟ್ಟು ತಮ್ಮ ಕಥೆ ಬರೆದರು. ಅವರು ಹೇಳುವುದಿಷ್ಟು: ಉಳಿದವರಿಗೆ ಕೂತು ಹಾಡಿ ಮೋಜು ಮಾಡಬೇಕಿತ್ತು, ನನಗೆ ಧ್ಯಾನ ಮಾಡಬೇಕಿತ್ತು. ನಾನು ಬಂದದ್ದೇ ಅದಕ್ಕೆ.

ಅಂದರೆ ಆ ಬಾಗಿಲು ಭಯದಿಂದ ಹಾಕಿದ ಬಾಗಿಲಲ್ಲ. ಕೆಲಸಕ್ಕೆ ಕೂತವರು ಹಾಕಿಕೊಂಡ ಬಾಗಿಲು!

ಇದನ್ನು ಓದಿದಂದಿನಿಂದ ನನ್ನ ತಲೆ ಕೆಟ್ಟಿತ್ತು. ಹಾಗಾದರೆ ಲೆನನ್ ತಟ್ಟಿದ್ದು ತಪ್ಪೇ? ನನ್ನ ಗೆಳೆಯ "ನನ್ನಷ್ಟಕ್ಕೆ ಬಿಡು" ಅಂದಾಗ ಬಿಟ್ಟು ಬಂದದ್ದೇ ಸರಿಯೇ?

ಅವರಿದ್ದ ಸಾಲು ಕೋಣೆಗಳ ಕಟ್ಟಡ ಹುಡುಕಿ ಹೋದೆ. ಇದೇ ಪ್ರುಡೆನ್ಸರ ಕೋಣೆ ಅಂತ ಬೋರ್ಡು ಇಲ್ಲ. ಇದ್ದ ಚೌಕಟ್ಟುಗಳಿಗೆ ಬಾಗಿಲುಗಳೇ ಇಲ್ಲ. ತಟ್ಟೋಣವೆಂದರೆ ಹಲಗೆಯಿಲ್ಲ, ಒಳಗೆ ಎಲೆಗಳ ರಾಶಿ. ಎರಡು ರಾತ್ರಿ ರೈಲಿನಲ್ಲಿ ಬಂದವನು ಬರೀ ಚೌಕಟ್ಟಿನ ಮುಂದೆ ನಿಂತೆ.

ಹತ್ತಿರದ ಒಂದು ಕಟ್ಟಡದಲ್ಲಿ ಹಳೆಯ ಫೋಟೋಗಳಿವೆ. ಪಾಲ್ ಸಾಲ್ಟ್‌ಜ್‌ಮನ್ ಎಂಬ ಕೆನಡಾದ ಯುವಕ ತೆಗೆದವು. ಊರಿನಲ್ಲಿ ಪ್ರೇಯಸಿ ಕೈಬಿಟ್ಟ ಸುದ್ದಿ ಕಾಗದದಲ್ಲಿ ಬಂದು, ಎದೆಯೊಡೆದು ಇಲ್ಲಿಗೆ ಬಂದವನು. ಆಶ್ರಮದವರು ಒಳಗೆ ಬಿಡಲಿಲ್ಲ, ಗೇಟಿನ ಹೊರಗೆ ಕಾದು ಕೂತ. ಕೊನೆಗೆ ಒಳಗೆ ಕರೆದರು. ಬೀಟಲ್ಸ್ ಅವನನ್ನು ತಮ್ಮ ಊಟದ ಮೇಜಿಗೆ ಸೇರಿಸಿಕೊಂಡರು. ಮುಂದೆ ಅವನು ಚಿತ್ರ ನಿರ್ದೇಶಕನಾದ, ಆ ದಿನಗಳ ಮೇಲೆಯೇ 2020ರಲ್ಲಿ ಸಾಕ್ಷ್ಯಚಿತ್ರ ಮಾಡಿದ. ಒಬ್ಬಳು ಒಳಗೆ ಬಾಗಿಲು ಹಾಕಿ ಕೂತಿದ್ದಳು, ಒಬ್ಬ ಹೊರಗೆ ಬಾಗಿಲು ತೆರೆಯಲೆಂದು ಕೂತಿದ್ದ. ಒಂದೇ ಆಶ್ರಮ!

ತಬಲದವನಿಲ್ಲದ ಕಛೇರಿ

ಋಷಿಕೇಶದ ಕೊನೆ ಕಹಿಯಾಯಿತು. ಮಹರ್ಷಿಗಳ ನಡತೆಯ ಬಗ್ಗೆ ಗಾಳಿಮಾತು ಹಬ್ಬಿ ಲೆನನ್, ಹ್ಯಾರಿಸನ್ ಮುನಿದು ಹೊರಟರು. ಆ ಮಾತು ರುಜುವಾತಾಗಲಿಲ್ಲ. ವರ್ಷಗಳ ನಂತರ ಹ್ಯಾರಿಸನ್ ಮತ್ತೆ ಮಹರ್ಷಿಗಳಿಗೆ ಹತ್ತಿರವಾದ. ಹೊರಡುವ ಮೊದಲು ಅವನೇ ಪ್ರುಡೆನ್ಸ್‌ಗೆ, ನಿನ್ನ ಮೇಲೊಂದು ಹಾಡು ಕಟ್ಟಿದ್ದೇವೆ ಎಂದು ತಿಳಿಸಿದ್ದ. ಹಾಡನ್ನು ಅವರು ಕೇಳಿದ್ದು ರೆಕಾರ್ಡು ಬಂದ ಮೇಲೆಯೇ.

ಆ ರೆಕಾರ್ಡಿಂಗ್ ಕಥೆ ಇದಕ್ಕಿಂತ ಮಜವಾಗಿದೆ. 1968ರ ಆಗಸ್ಟ್ ಹೊತ್ತಿಗೆ ತಂಡದಲ್ಲಿ ಜಗಳ ಶುರುವಾಗಿತ್ತು. ಡ್ರಮ್ ಬಾರಿಸುವ ರಿಂಗೋ, ನಾನು ನಿಮಗೆ ಬೇಡವಾಗಿದ್ದೇನೆ ಎಂದು ನೊಂದು ಎದ್ದು ಹೋದ. ಆಗಸ್ಟ್ 28ರಂದು ಲಂಡನ್ನಿನ ಟ್ರೈಡೆಂಟ್ ಸ್ಟುಡಿಯೋದಲ್ಲಿ 'ಡಿಯರ್ ಪ್ರುಡೆನ್ಸ್' ಧ್ವನಿಮುದ್ರಣ ಶುರುವಾದಾಗ ಡ್ರಮ್ಮಿನ ಮುಂದೆ ಕೂತವನು ಮೆಕಾರ್ಟ್ನಿ! ಮೂರು ದಿನ ನಡೆಯಿತು. ಒಬ್ಬಳನ್ನು 'ಬಾ' ಎಂದು ಕರೆಯುವ ಹಾಡನ್ನು, ತಮ್ಮವನೇ ಒಬ್ಬ ಹೊರಟುಹೋಗಿದ್ದಾಗ ಮೂವರು ಕೂತು ಹಾಡಿದರು.

ಆಮೇಲೆ ಏನು ಮಾಡಿದರು? ರಿಂಗೋಗೆ ತಂತಿ ಕಳಿಸಿದರು, ನಿನ್ನಂಥ ಡ್ರಮ್ಮರ್ ಇಲ್ಲ, ಮನೆಗೆ ಬಾ ಎಂದು. ಸೆಪ್ಟೆಂಬರ್ ಮೊದಲ ವಾರ ಅವನು ಸ್ಟುಡಿಯೋಗೆ ಬಂದು ನೋಡಿದರೆ ಡ್ರಮ್ಮುಗಳ ತುಂಬ ಹೂವು! ಹ್ಯಾರಿಸನ್ ಹೂವಿನಿಂದ ಸಿಂಗರಿಸಿಟ್ಟಿದ್ದ. ಕೊರಳಿಗೆ ಹಾರ ಹಾಕಿ ಬರಮಾಡಿಕೊಳ್ಳುವುದನ್ನು ಋಷಿಕೇಶದಲ್ಲೇ ಕಲಿತನೋ ಏನೋ!

ನವೆಂಬರ್ 22ರಂದು 30 ಹಾಡುಗಳ ಜೋಡಿ ಎಲ್.ಪಿ. ಹೊರಬಂತು. ಬಿಳಿಯ ಹೊದಿಕೆ, ಅದಕ್ಕೇ ಜನ 'ವೈಟ್ ಆಲ್ಬಂ' ಅಂದರು. ಅದರಲ್ಲಿ ಎರಡನೇ ಹಾಡು 'ಡಿಯರ್ ಪ್ರುಡೆನ್ಸ್'. ಮೊದಲ ಹಾಡಿನ ವಿಮಾನದ ಸದ್ದು ಅಡಗುತ್ತಿದ್ದಂತೆ ಆ ಗಿಟಾರ್ ಮೆಲ್ಲನೆ ಏಳುತ್ತದೆ. ಮೊದಲು ಅದೊಂದೇ. ಆಮೇಲೆ ಒಂದೊಂದೇ ವಾದ್ಯ ಬಂದು ಕೂಡಿಕೊಳ್ಳುತ್ತದೆ. ಕೊನೆಗೆ ಕೇರಿಯೇ ಬಂದು ಬಾಗಿಲಲ್ಲಿ ನಿಂತ ಹಾಗೆ.

ಅಜ್ಜಿಯ ತೀರ್ಪು

ಸಂಜೆ ಘಟ್ಟದಲ್ಲಿ ಗಂಗಾರತಿ. ಜನರ ನಡುವೆ ಅದೇ ಅಜ್ಜಿ ಸಿಕ್ಕರು. "ಸಿಕ್ತೇನಪ್ಪ ನಿನ್ ಹಾಡು?" ಅಂತ ನಕ್ಕರು. ಪಕ್ಕದಲ್ಲಿ ಕೂತು ಎಲ್ಲ ಹೇಳಿದೆ. ಹುಡುಗಿ, ಬಾಗಿಲು, ಗಿಟಾರ್ ಹಿಡಿದ ಇಬ್ಬರು. ಗೆಳೆಯನ ವಿಷಯವನ್ನೂ ಹೇಳಿದೆ. "ನೀವೇ ಹೇಳಿ ಅಜ್ಜಿ, ತಟ್ಟಬೇಕಿತ್ತಾ, ಬಿಡಬೇಕಿತ್ತಾ?"

ಅಜ್ಜಿ ದೊನ್ನೆಯಲ್ಲಿ ದೀಪ ಸರಿಮಾಡುತ್ತಾ ಹೇಳಿದರು:

"ಧ್ಯಾನಕ್ಕೆ ಕೂತೋರ ಕದ ಮುರೀಬಾರ್ದು ಕಣಪ್ಪ. ಹಂಗಂತ ಊಟಕ್ ಕರೀದೆ ಇರಕ್ಕಾಗ್ತದಾ? ಕರ್ಯೋದು ನಮ್ ಕೆಲ್ಸ. ಬರೋದು ಬಿಡೋದು ಅವರಿಷ್ಟ. ಒಂದ್ ಸಲ ಕರ್ದು ಸುಮ್ನಾಗೋದಲ್ಲ. ದಿನಾ ಹೊತ್ತಿಗೆ ಸರ್ಯಾಗಿ ಕರೀಬೇಕು."

ದೀಪ ನೀರಿಗೆ ಬಿಟ್ಟರು. ಅದು ಓಲಾಡುತ್ತಾ ಆ ಬಂಡೆಯ ಕಡೆಗೇ ಹೋಯಿತು.

ಮಿತ್ರರೇ, ಆ ಹಾಡಿನ ಅರ್ಥ ಬರೆಯಲು ಪುಸ್ತಕಗಳೇ ಬಂದಿವೆ. ನನಗೆ ಅಜ್ಜಿಯ ಮಾತು ಸಾಕು. ಲೆನನ್ ಬಾಗಿಲು ಒಡೆಯಲಿಲ್ಲ. ಹೊರಗೆ ನಿಂತು ಕರೆದ. ಪ್ರುಡೆನ್ಸ್ ತಮಗೆ ಬೇಕಾದಷ್ಟು ದಿನ ಒಳಗಿದ್ದರು, ಬೇಕೆನಿಸಿದಾಗ ಬಂದರು. ಇಬ್ಬರದೂ ತಪ್ಪಿಲ್ಲ. ತಪ್ಪು ನನ್ನದು. ಗೆಳೆಯ "ಬಿಡು" ಅಂದದ್ದಕ್ಕಲ್ಲ, ಒಂದೇ ಸಲಕ್ಕೆ ಬಿಟ್ಟು ಬಂದದ್ದಕ್ಕೆ. ಅವನು ನನ್ನ ಕಿಟಕಿಗೆ ಮೂರು ದಿನ ಬಂದಿದ್ದ.

ಊರಿಗೆ ಬಂದ ಮಾರನೇ ದಿನವೇ ಅವನ ಮನೆಗೆ ಹೋದೆ. ಅವನಮ್ಮ ಹಿಂದಿನ ಕೋಣೆ ತೋರಿಸಿದರು. ಕಿಟಕಿಯ ಹತ್ತಿರ ನಿಂತು, "ಲೋ, ಮ್ಯಾಟ್ನಿಗೆ ಹೊತ್ತಾಯ್ತು, ಬಾರೋ" ಅಂದೆ. ಉತ್ತರವಿಲ್ಲ. ಮಾರನೇ ದಿನವೂ ಹೋದೆ. ಉತ್ತರವಿಲ್ಲ.

ಐದನೇ ದಿನ ಒಳಗಿನಿಂದ ದನಿ ಬಂತು. "ಯಾವ ಪಿಕ್ಚರೋ?"

ಬಾಗಿಲು ಇನ್ನೂ ತೆರೆದಿಲ್ಲ. ನಾಳೆ ಮತ್ತೆ ಹೋಗುತ್ತೇನೆ.